ಊರ ಮಲ್ಲಿಗೆ, ನೆರೆಯ ಸಂಪಿಗೆ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಾವು ಊರಿನಲ್ಲಿ ಏನೇನನ್ನೋ ಬಿಟ್ಟು ಬಂದೆವು. ಮಲ್ಲಿಗೆಯ ಮೋಹವನ್ನು ಮಾತ್ರ ಬಿಡಲಿಲ್ಲ. ಸೀಮಂತವಿರಲಿ, ಮದುವೆಯಿರಲಿ, ಉಡುಪಿ ಮಲ್ಲಿಗೆಯ ಒಂದು ಅಟ್ಟೆಯಾದರೂ ಬಾರದಿದ್ದರೆ ಶುಭಕಾರ್ಯವೇ ಅರೆಯಾಯಿತೆಂದು ನಮ್ಮ ಹಿರಿಯರು ಕೊರಗುತ್ತಾರೆ.

ಕೆಲವು ವರ್ಷಗಳ ಹಿಂದೆ, ಶ್ರಾವಣ ಮಾಸದಲ್ಲಿ ನಮ್ಮ ಸೊಸೆಯ ಸೀಮಂತ. ಮಳೆಗಾಲದಲ್ಲಿ ಆ ಮಲ್ಲಿಗೆಯ ಇಳುವರಿ ಕುಗ್ಗಿ ಬೆಲೆ ಏರುತ್ತದೆಂದು ತಿಳಿದೂ ಊರಿನಿಂದಲೇ ತರಿಸಿದೆವು. ಸುಮಾರು 800 ಕಿಲೋಮೀಟರುಗಳ ದಾರಿ. ಮಳೆಯ ದೆಸೆಯಿಂದ ಒಂದು ದಿನ ತಡವಾಯಿತು. ಕಟ್ಟು ಬಿಚ್ಚಿ ನೋಡಿದರೆ ಮೊಗ್ಗೆಲ್ಲ ಕಂದಿ ಹೋಗಿತ್ತು. ನಮ್ಮ ಅಮ್ಮನ ಕಣ್ಣು ತುಂಬಿತು. ಆಗ ನೆರೆಮನೆಯ ಮರಾಠಿ ಕಾಕು ಒಂದು ಬುಟ್ಟಿಯನ್ನು ತಂದು ಅವರ ಮುಂದಿಟ್ಟು, "ಸೋನ್‌ಚಾಫಾ, ಇಂದು ಬೆಳಗ್ಗೆ ವಸಯಿಯಿಂದ ಬಂದದ್ದು" ಎಂದರು. ಅಮ್ಮ ಎಲೆಯನ್ನು ಸರಿಸಿ ನೋಡಿ, "ಅಯ್ಯೋ, ಇದು ನಮ್ಮ ಸಂಪಿಗೆಯಲ್ಲವೆ!" ಎಂದು ಬೆರಗಾದರು. ಸೊಸೆಯ ಮುಡಿಗೆ ಅದೇ ಏರಿತು.

ಮರುವಾರ ನಾವು ದಾದರಿನ ಹೂವಿನ ಪೇಟೆಗೆ ಹೋದೆವು. ನಿಲ್ದಾಣದ ಪಶ್ಚಿಮಕ್ಕೆ, ಬೆಳಕು ಹರಿಯುವ ಮುನ್ನವೇ ಅಲ್ಲಿ ವ್ಯಾಪಾರ ಭರದಿಂದ ಸಾಗಿರುತ್ತದೆ. ಸುಮಾರು 40 ಕಿಲೋಮೀಟರು ದೂರದ ವಸಯಿ ಕಡೆಯ ಬೆಳೆಗಾರರು ನಸುಕಿನ ಲೋಕಲ್ ರೈಲಿನಲ್ಲಿಯೇ ಹೂವನ್ನು ತರುತ್ತಾರೆ. ಗಿಡಕ್ಕೂ ಮುಡಿಗೂ ನಡುವೆ ದಾರಿ ಕಡಮೆ, ದಲ್ಲಾಳಿಗಳೂ ಕಡಮೆ. ನಾವು ಕೊಟ್ಟ ಹಣದಲ್ಲಿ ಹೆಚ್ಚು ಪಾಲು ಬೆಳೆದವನ ಕೈಗೇ ಸೇರುತ್ತದೆ.

ಹಣ್ಣಿನಂತೆ ಹೂವಿಗೂ ಕಾಲವುಂಟು. ಬೇಸಗೆ ದುಂಡುಮಲ್ಲಿಗೆಯ ಕಾಲ. ಇಲ್ಲಿ ಇದನ್ನು ಮೋಗ್ರಾ ಎನ್ನುತ್ತಾರೆ. ಮಳೆಗಾಲದಲ್ಲಿ ಸಂಪಿಗೆ. ದಸರೆ, ದೀಪಾವಳಿಗಳ ಹೊತ್ತಿಗೆ ಪುಣೆ, ಸಾತಾರಾ, ನಾಸಿಕ್ ಕಡೆಯ ಚೆಂಡುಹೂವು ರಾಶಿರಾಶಿಯಾಗಿ ಬರುತ್ತದೆ. ಇರುಳು ದೀರ್ಘವಾದಾಗ ಮೊಗ್ಗು ಬಿಡುವುದು ಸೇವಂತಿಗೆಯ ಸ್ವಭಾವ. ಆದುದರಿಂದ ಅದು ಚಳಿಗಾಲದ ಹೂವು. ಬೇರೆ ಕಾಲದಲ್ಲಿ ಅರಳಿಸಬೇಕಾದರೆ ಗಿಡಕ್ಕೆ ಕಪ್ಪು ಹೊದಿಕೆ ಹಾಕಿ ಹಗಲನ್ನು ಕುಗ್ಗಿಸಬೇಕಾಗುತ್ತದೆ. ಆ ಖರ್ಚೆಲ್ಲ ಹೂವಿನ ಬೆಲೆಗೆ ಸೇರುವುದು ಸಹಜವೇ.

ಕೊಳ್ಳುವಾಗ ಗೃಹಿಣಿಯರು ಇಷ್ಟನ್ನು ನೋಡಿದರೆ ಸಾಕು. ಹೂದಾನಿಗೆ ಸುಗಂಧರಾಜದ ಕಡ್ಡಿಯನ್ನು ಆರಿಸುವುದಾದರೆ, ಕೆಳಗಿನ ಎರಡು ಮೂರು ಹೂಗಳು ಮಾತ್ರ ಬಿರಿದಿರಬೇಕು. ಮೇಲಿನವು ಮನೆಯಲ್ಲಿ ಒಂದೊಂದಾಗಿ ಅರಳುತ್ತವೆ. ಮನೆಗೆ ತಂದೊಡನೆ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಹಾಕಿ. ದಿನವೂ ನೀರು ಬದಲಾಯಿಸಿ. ಬಾಳೆಹಣ್ಣಿನ ಚಿಪ್ಪಿನ ಬಳಿ ಮಾತ್ರ ಇಡಬೇಡಿ. ಮಾಗುವ ಹಣ್ಣಿನಿಂದ ಹೊರಡುವ ಅನಿಲಕ್ಕೆ ಹೂವು ಬೇಗ ಬಾಡುತ್ತದೆ.

ಬೇರೆ ಊರುಗಳಲ್ಲಿರುವ ನಮ್ಮವರಿಗೂ ಈ ಅನುಕೂಲ ಇಲ್ಲದಿಲ್ಲ. ಚೆನ್ನೈಯವರಿಗೆ ಕೋಯಂಬೇಡು, ಹೈದರಾಬಾದಿನವರಿಗೆ ಗುಡಿಮಲ್ಕಾಪುರ, ದೆಹಲಿಯವರಿಗೆ ಗಾಜೀಪುರ, ಪುಣೆಯವರಿಗೆ ಗುಲ್‌ಟೇಕಡಿ. ಒಮ್ಮೆ ಹೋಗಿ, "ಇದು ಎಲ್ಲಿಯದು? ಈಗ ಇದರ ಕಾಲವೆ?" ಎಂದು ಕೇಳಿ ನೋಡಿ. ಸಂತೋಷದಿಂದ ಹೇಳುವವರು ಸಿಕ್ಕೇ ಸಿಗುತ್ತಾರೆ.

ಹಾಗೆಂದು ನಾವು ಊರ ಮಲ್ಲಿಗೆಯನ್ನು ತೊರೆದಿಲ್ಲ. ಬೇಸಗೆಯಲ್ಲಿ, ಅದು ಹುಲುಸಾಗಿ ಬಿಡುವಾಗ, ಈಗಲೂ ತರಿಸುತ್ತೇವೆ. ಉಳಿದ ದಿನಗಳಲ್ಲಿ ಅನ್ನ ಕೊಟ್ಟ ನೆಲದ ಹೂವು ಮುಡಿಯುತ್ತೇವೆ. ಅಂದಿನ ಸೀಮಂತದ ಮಗು ಈಗ ಶಾಲೆಗೆ ಹೋಗುವ ಹುಡುಗಿ. ಅವಳು "ಚಾಫಾ" ಎಂದರೆ ಅಜ್ಜಿ "ಸಂಪಿಗೆ" ಎಂದು ತಿದ್ದುತ್ತಾರೆ. "ಎರಡೂ ಒಂದೇ ಅಲ್ಲವೆ ಅಜ್ಜಿ?" ಎಂದು ಅವಳು ಕೇಳಿದಾಗ, ಹೌದೆನ್ನದೆ ಅಮ್ಮನಿಗೂ ಬೇರೆ ದಾರಿಯಿಲ್ಲ.