ಜಿ.ಕೆ. ವೆಂಕಟೇಶ್ ಅವರ ಸಹಾಯಕ

ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತು ಟಿ.ವಿ.ಯಲ್ಲಿ ಬಿಟ್ಟೂಬಿಡದೆ ಬರುತ್ತಿದ್ದ ಕಾಲ ನೆನಪಿರಬಹುದು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಜೇಬಿನಿಂದ ಅದೇ ಟ್ಯೂನು, ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರ ಜೇಬಿನಿಂದಲೂ ಅದೇ. ಅದು 1983ರ ಕನ್ನಡ ಚಿತ್ರ ‘ಪಲ್ಲವಿ ಅನುಪಲ್ಲವಿ’ಯದು ಎಂದು ಎಷ್ಟು ಜನರಿಗೆ ಗೊತ್ತಿತ್ತೋ! ಮಣಿರತ್ನಂ ಅವರ ಮೊದಲ ಸಿನಿಮಾ ಅದು. ನಿಮ್ಮ ಸಂಭಾವನೆ ಕೊಡುವಷ್ಟು ದುಡ್ಡು ನಮ್ಮಲ್ಲಿಲ್ಲ ಎಂದು ಹೇಳಿಕೊಂಡೇ ಹೋದ ಹೊಸಬನಿಗೆ ಇಳಯರಾಜ ಬಹಳ ಕಡಿಮೆಗೆ ಒಪ್ಪಿಕೊಂಡಿದ್ದರು.

ತಮಿಳಿನಲ್ಲಿ ಕೈತುಂಬ ಕೆಲಸವಿದ್ದ ಸಂಗೀತ ನಿರ್ದೇಶಕನಿಗೆ ಕನ್ನಡದ ಸಣ್ಣ ಚಿತ್ರವೊಂದು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಆದರೆ ಕನ್ನಡ ಅವರಿಗೆ ಪರಸ್ಥಳವೇನಾಗಿರಲಿಲ್ಲ. ಅವರು ಕಸುಬು ಕಲಿತ ಮನೆಯೇ ಕನ್ನಡದ್ದು.

1943ರಲ್ಲಿ, ಈಗಿನ ತೇನಿ ಜಿಲ್ಲೆಯ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗ. ಅಣ್ಣ ಪಾವಲರ್ ವರದರಾಜನ್ ಕಮ್ಯೂನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತ ಊರೂರು ಸುತ್ತುತ್ತಿದ್ದವರು. ಆ ತಂಡದಲ್ಲಿ ತಮ್ಮನಿಗೆ ಹಾರ್ಮೋನಿಯಂ. ಜನರ ಬಾಯಲ್ಲಿದ್ದ ಸಿನಿಮಾ ಧಾಟಿಗೆ ಆ ಊರಿನ ರಾಜಕೀಯದ ಮಾತು ಕೂರಿಸಿ ಹಾಡುವುದು ಅವರ ಪದ್ಧತಿ. ಧಾಟಿ ಮೊದಲು, ಮಾತು ಆಮೇಲೆ. ಸಿನಿಮಾಕ್ಕೆ ಬೇಕಾದ ಈ ಪಾಠ ಅಲ್ಲಿ ಬಯಲ ವೇದಿಕೆಯಲ್ಲೇ ಆಗಿಹೋಯಿತು. ಅರವತ್ತರ ದಶಕದ ಕೊನೆಗೆ ಅಣ್ಣತಮ್ಮಂದಿರು ಮದರಾಸಿಗೆ ಹೊರಟಾಗ ತಾಯಿ ಮನೆಯ ರೇಡಿಯೊ ಮಾರಿ, ಬಂದ 400 ರೂಪಾಯಿಯನ್ನೂ ಮಕ್ಕಳ ಕೈಗೇ ಇಟ್ಟರಂತೆ. ಇದನ್ನು ಇಳಯರಾಜ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ.

ಮದರಾಸಿನಲ್ಲಿ ಅವರಿಗೆ ಇಬ್ಬರು ಗುರುಗಳು ಸಿಕ್ಕರು. ಧನರಾಜ್ ಮಾಸ್ಟರ್ ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಬರೆಯುವುದನ್ನು, ಓದುವುದನ್ನು ಕಲಿಸಿದರು. ಹಳ್ಳಿಯಲ್ಲಿ ಕರೆಯುತ್ತಿದ್ದ ರಾಸಯ್ಯ ಎಂಬ ಹೆಸರನ್ನು ರಾಜ ಎಂದು ಕತ್ತರಿಸಿದವರೂ ಅವರೇ. ಇನ್ನೊಬ್ಬರು ಜಿ.ಕೆ. ವೆಂಕಟೇಶ್. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ಸಂಗೀತ ನಿರ್ದೇಶಕ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಅವರ ಕೈಲಿ ಹಾಡಿಸಿ ಅವರ ಗಾಯನದ ದಾರಿ ತೆರೆದವರು. ಅವರ ಬಳಿ ಗಿಟಾರ್ ಹಿಡಿದು ಸೇರಿದ ರಾಜ ಕ್ರಮೇಣ ಸಹಾಯಕರಾದರು. ಕೆಲಸ ಮಾಡಿದ್ದು ಬಹುಪಾಲು ಕನ್ನಡ ಚಿತ್ರಗಳಿಗೆ.

ಸಂಗೀತ ನಿರ್ದೇಶಕರ ಸಹಾಯಕ ಅಂದರೆ ಏನು ಎನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯಜಮಾನರು ಹಾರ್ಮೋನಿಯಂ ಮುಂದೆ ಕೂತು ಧಾಟಿ ಗುನುಗುತ್ತಾರೆ. ಅದನ್ನು ಬರೆದುಕೊಂಡು, ಪಿಟೀಲಿಗೆ ಇಷ್ಟು, ಕೊಳಲಿಗೆ ಇಷ್ಟು, ಗಿಟಾರಿಗೆ ಇಷ್ಟು ಎಂದು ಹಂಚಿ, ವಾದ್ಯದವರ ಮುಂದೆ ಹಾಳೆ ಇಡುವವನು ಸಹಾಯಕ. ಆಗ ಗಾಯಕರೂ ವಾದ್ಯದವರೂ ಒಟ್ಟಿಗೇ ನಿಂತು ಒಂದೇ ಟೇಕಿನಲ್ಲಿ ಹಾಡು ಮುಗಿಸಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹಾಳೆಯ ಮೇಲೆ ತಪ್ಪಿದ್ದರಂತೂ ಮುಗಿದೇ ಹೋಯಿತು. ಹಾಡಿಗೆ ಹೆಸರು ಯಜಮಾನರದು. ಬೆರಳಿಗೆ ಹತ್ತಿದ ಇಂಕು ಸಹಾಯಕನದು.

1976ರಲ್ಲಿ, ರಾಜ ಅವರೇ ಯಜಮಾನರಾದ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂತು. ಗಾಯಕ ಎ.ಎಂ. ರಾಜಾ ಆಗಲೇ ಹೆಸರಾಗಿದ್ದರಲ್ಲ, ಗೊಂದಲ ಬೇಡವೆಂದು ನಿರ್ಮಾಪಕ ಪಂಚು ಅರುಣಾಚಲಂ ‘ಇಳಯ’, ಅಂದರೆ ಕಿರಿಯ ಎಂದು ಸೇರಿಸಿದರು. ಮೊದಲ ಹಾಡಿನ ಧ್ವನಿಮುದ್ರಣಕ್ಕೆ ಎಲ್ಲ ಸಿದ್ಧವಾಗಿ ಇನ್ನೇನು ಶುರು ಅನ್ನುವಾಗ ಕರೆಂಟ್ ಹೋಯಿತಂತೆ. ಅಪಶಕುನ ಎಂದು ಮೂಗೆಳೆದವರೂ ಇದ್ದರು.

ಯಜಮಾನನಾದ ಮೇಲೂ ಇಳಯರಾಜ ಸಹಾಯಕನ ಪೆನ್ನು ಬಿಡಲಿಲ್ಲ ಎನ್ನುವುದೇ ನನಗೆ ಮುಖ್ಯವಾಗಿ ಕಾಣುವುದು. ಹಿನ್ನೆಲೆ ಸಂಗೀತಕ್ಕೆ ಕೂತಾಗ ಅವರು ರೀಲು ನೋಡುತ್ತಾರೆ, ಹಾಳೆ ಎಳೆದುಕೊಳ್ಳುತ್ತಾರೆ, ಬರೆಯುತ್ತಾರೆ. ಎದುರಿಗೆ ವಾದ್ಯ ಬೇಕಿಲ್ಲ, ನುಡಿಸಿ ನೋಡುವುದೂ ಇಲ್ಲ. ಅವರು ಬರೆದದ್ದರಿಂದ ಪ್ರತಿ ವಾದ್ಯದವರ ಪಾಲನ್ನು ಬೇರೆ ಬೇರೆ ನಕಲು ಮಾಡಿ ಹಂಚುತ್ತಾರೆ. ಪಿಟೀಲಿನವರಿಗೆ ಕೊಳಲಿನವರ ಹಾಳೆಯಲ್ಲಿ ಏನಿದೆ ಗೊತ್ತಿರುವುದಿಲ್ಲ. ಎಲ್ಲರೂ ಒಟ್ಟಿಗೆ ನುಡಿಸಿದಾಗಲೇ ವಾದ್ಯದವರಿಗೂ ಸಂಗೀತ ಕೇಳಿಸುವುದು. ಅಲ್ಲಿಯವರೆಗೆ ಅದನ್ನು ಪೂರ್ತಿ ಕೇಳಿದವರು ಒಬ್ಬರೇ.

ಇದರ ಪರಿಣಾಮ ಕಿವಿಗೆ ಸಿಗುತ್ತದೆ. ಅವರ ಎಂಬತ್ತರ ದಶಕದ ಯಾವುದಾದರೂ ಹಾಡು ಹಾಕಿ, ಗಾಯಕರನ್ನು ಬಿಟ್ಟು ಬಾಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ತಾಳಕ್ಕೆ ಡುಂ ಡುಂ ಎಂದು ಮೆಟ್ಟುವ ಕೂಲಿ ಅಲ್ಲ ಅದು. ತನ್ನದೇ ಒಂದು ಹಾಡು ಹಾಡಿಕೊಂಡು ಹೋಗುತ್ತಿರುತ್ತದೆ. ಗುನುಗಿ ಬೇರೆಯವರ ಕೈಗೆ ಒಪ್ಪಿಸುವ ಪದ್ಧತಿಯಲ್ಲಿ ಇದು ಹುಟ್ಟುವುದು ಕಷ್ಟ.

1985ರ ‘ಸಿಂಧು ಭೈರವಿ’ಯನ್ನೇ ನೋಡಿ. ಕೆ. ಬಾಲಚಂದರ್ ಚಿತ್ರ, ಕಥೆ ಕರ್ನಾಟಕ ಸಂಗೀತದ ವಿದ್ವಾಂಸನೊಬ್ಬನದು. ಅದರಲ್ಲೊಂದು ಕಲ್ಯಾಣಿಯ ಹಾಡು ಬರೀ ಆರೋಹಣದಲ್ಲಿದೆ. ಸ್ವರಗಳು ಮೆಟ್ಟಿಲು ಹತ್ತುತ್ತವೆ, ಇಳಿಯುವುದೇ ಇಲ್ಲ. ಮತ್ತೆ ಕೆಳಗಿನಿಂದ ಶುರು. ಹೇಳದಿದ್ದರೆ ಗೊತ್ತೇ ಆಗದು. ಆದರೂ ಅದು ಜಾಣತನದ ಆಟ ಅಂತಲೇ ನನ್ನ ಲೆಕ್ಕ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಕಡೆ ಇದೆ. ಕಚೇರಿಯ ಸಭೆಯಿಂದ ಹೆಂಗಸೊಬ್ಬಳು ಎದ್ದು ಜನಪದ ಧಾಟಿಯ ಹಾಡು ಹಾಡುತ್ತಾಳೆ, ಅದು ಹಾಗೇ ಹರಿದು ತ್ಯಾಗರಾಜರ ‘ಮರಿ ಮರಿ ನಿನ್ನೆ’ ಕೃತಿಗೆ ಸೇರುತ್ತದೆ. ಕಾಂಬೋಜಿಯಲ್ಲಿ ಹಾಡುವ ಕೃತಿಯನ್ನು ಇಳಯರಾಜ ಸಾರಮತಿಗೆ ತಂದಿದ್ದಾರೆ. ತ್ಯಾಗರಾಜರ ರಾಗ ಬದಲಿಸಲು ಇವರ್ಯಾರು ಎಂದು ಸಂಪ್ರದಾಯಸ್ಥರು ಸಿಟ್ಟಾದರು. ರಾಗ ಬದಲಾಗದಿದ್ದರೆ ಹೊಲದ ಹಾಡಿಗೂ ಸಭೆಯ ಕೃತಿಗೂ ನಡುವೆ ಗೋಡೆ ಹಾಗೇ ಉಳಿಯುತ್ತಿತ್ತು. ಆ ಚಿತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮರುವರ್ಷವೇ ತ್ಯಾಗರಾಜರಿಗೂ ಬಾಖ್‌ಗೂ ಒಟ್ಟಿಗೆ ಅರ್ಪಿಸಿ ‘ಹೌ ಟು ನೇಮ್ ಇಟ್?’ ಎಂಬ ವಾದ್ಯಸಂಗೀತದ ಆಲ್ಬಂ ತಂದರು.

ಸಾವಿರಕ್ಕೂ ಹೆಚ್ಚು ಚಿತ್ರ ಮಾಡಿದವರದು ಎಲ್ಲವೂ ಅಪರಂಜಿ ಆಗಿರಲು ಸಾಧ್ಯವಿಲ್ಲ. ಕಾಟಾಚಾರದ ಹಾಡುಗಳೂ ಬೇಕಾದಷ್ಟಿವೆ. ಕನ್ನಡದ ಪಾಲಿಗೆ ಮಾತ್ರ ಒಳ್ಳೆಯದೇ ಹೆಚ್ಚು ಬಂತು. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಯುಗಳಗೀತೆ ಇವತ್ತಿಗೂ ಕಾಲೇಜು ವಾರ್ಷಿಕೋತ್ಸವ ಬಿಡುವುದಿಲ್ಲ. ಅದೇ ಧಾಟಿ ತಮಿಳಿಗೆ ಹೋಗಿ, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಹೋಯಿತು. ತಮಿಳಿನದನ್ನು ನಾವು ತಂದೆವು ಎಂದುಕೊಂಡವರು ಇದ್ದಾರೆ. ಅಲ್ಲ, ಅದು ಇಲ್ಲಿಂದ ಹೊರಟದ್ದು.

ಜಿ.ಕೆ. ವೆಂಕಟೇಶ್ ಕಡೆಗಾಲದಲ್ಲಿ ಶಿಷ್ಯನ ತಂಡದಲ್ಲಿ ಸಹಾಯಕರಾಗಿ ಕೆಲಸ ಮಾಡಿದರು. ಅವರು ತೀರಿಕೊಂಡದ್ದು 1993ರಲ್ಲಿ. ಅದೇ ವರ್ಷ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಇಳಯರಾಜರ ಮೊದಲ ಸಿಂಫನಿಯನ್ನು ನುಡಿಸಿ ಮುದ್ರಿಸಿಕೊಂಡಿತು; ಆ ಮುದ್ರಣ ಹೊರಗೆ ಬರಲೇ ಇಲ್ಲ. 2025ರ ಮಾರ್ಚ್ 8ರಂದು ಅದೇ ಆರ್ಕೆಸ್ಟ್ರಾ ಲಂಡನ್ನಿನಲ್ಲಿ ಅವರ ‘ವೇಲಿಯಂಟ್’ ಸಿಂಫನಿಯನ್ನು ಜನರೆದುರು ನುಡಿಸಿತು. ಆಗ ಅವರಿಗೆ 81. ಅಷ್ಟೂ ವಾದ್ಯದವರ ಮುಂದೆ ಹಾಳೆಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು ಪಾಲು.