ಭಾಗಿಸದೆ ಸಿಗುವ ಭಾಗಲಬ್ಧ

ಬ್ಲ್ಯಾಕ್‌ಜಾಕ್ ಆಟದಲ್ಲಿ ಎಲೆ ಎಣಿಸುವ ವಿದ್ಯೆಗೆ ಗಣಿತದ ಬುನಾದಿ ಸಿಕ್ಕಿದ್ದು ಐಬಿಎಂ 704 ಎಂಬ ಕಂಪ್ಯೂಟರಿನಿಂದ. ಎಂಐಟಿಯಲ್ಲಿ ಗಣಿತ ಕಲಿಸುತ್ತಿದ್ದ ಎಡ್ವರ್ಡ್ ಥಾರ್ಪ್, ಕಟ್ಟಿನಿಂದ ಯಾವ ಎಲೆ ಹೊರಬಿದ್ದರೆ ಆಟಗಾರನಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂದು ಅದರಿಂದ ಲೆಕ್ಕ ಮಾಡಿಸಿ, 1962ರಲ್ಲಿ ‘ಬೀಟ್ ದ ಡೀಲರ್’ ಪುಸ್ತಕ ತಂದರು. ಸಣ್ಣ ಎಲೆಗಳು ಖರ್ಚಾದಷ್ಟೂ ಉಳಿದ ಎಲೆಗಳು ಆಟಗಾರನ ಪರ ವಾಲುತ್ತವೆ ಎಂಬುದು ಅದರ ತಿರುಳು. ಕೈಯಲ್ಲಿ 16 ಇದ್ದರೂ ಡೀಲರ್ ಇನ್ನೊಂದು ಎಲೆ ಎಳೆಯಲೇಬೇಕು. ಹತ್ತರ ಎಲೆಗಳು ಹೆಚ್ಚಿದ್ದರೆ ಅವನು 21 ದಾಟಿ ಸೋಲುವುದೂ ಹೆಚ್ಚು.

ಹಾರ್ವಿ ಡಬ್ನರ್ 1963ರಲ್ಲಿ ಮುಂದಿಟ್ಟ ಹೈ-ಲೋ ಎಣಿಕೆ ಇದನ್ನು ಸರಳಗೊಳಿಸಿತು. 2ರಿಂದ 6ರವರೆಗಿನ ಎಲೆ ಕಂಡರೆ ಒಂದು ಕೂಡಿಸಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಕಂಡರೆ ಒಂದು ಕಳೆಯಬೇಕು. 7, 8, 9 ಲೆಕ್ಕಕ್ಕಿಲ್ಲ. ಹೀಗೆ ಬರುವ ಮೊತ್ತ ರನ್ನಿಂಗ್ ಕೌಂಟ್. ಆದರೆ ಆರು ಕಟ್ಟು ಸೇರಿಸಿ ಆಡುವ ಮೇಜಿನಲ್ಲಿ ಈ ಮೊತ್ತವೊಂದೇ ಸಾಲದು. ಆರು ದೊಡ್ಡ ಎಲೆಗಳ ಹೆಚ್ಚುವರಿ ಐದು ಕಟ್ಟುಗಳಲ್ಲಿ ಹರಡಿಹೋಗಿದ್ದರೆ ಅದರ ಬಲ ಅತ್ಯಲ್ಪ. ಉಳಿದದ್ದು ಒಂದೇ ಕಟ್ಟಾದರೆ ಅದು ದೊಡ್ಡ ಅವಕಾಶ. ಆದ್ದರಿಂದ ಮೊತ್ತವನ್ನು ಉಳಿದ ಕಟ್ಟುಗಳಿಂದ ಭಾಗಿಸುತ್ತಾರೆ. ಆಗ ಸಿಗುವುದು ಟ್ರೂ ಕೌಂಟ್. ಅದು ಒಂದು ಏರಿದಾಗಲೆಲ್ಲ ಆಟಗಾರನ ಪಾಲಿಗೆ ಸುಮಾರು ಅರ್ಧ ಶೇಕಡ ಅನುಕೂಲ ಸೇರುತ್ತದೆ.

ಈ ಭಾಗಾಕಾರವನ್ನು ಯಂತ್ರಕ್ಕೆ ಒಪ್ಪಿಸುವಂತಿಲ್ಲ. ಕಾಲ್ಬೆರಳಿನಿಂದ ನಡೆಸುವ ಪುಟ್ಟ ಕಂಪ್ಯೂಟರುಗಳನ್ನು ಬೂಟಿನಲ್ಲಿ ಅಡಗಿಸಿಕೊಂಡು ಆಡಿದವರು 1970ರ ದಶಕದಲ್ಲಿದ್ದರು. 1985ರಲ್ಲಿ ನೆವಾಡ ರಾಜ್ಯ ಅಂಥ ಸಾಧನಗಳನ್ನು ಕಾನೂನಿನಿಂದ ನಿಷೇಧಿಸಿತು. ಬರೀ ತಲೆಯಲ್ಲಿ ಎಣಿಸುವುದು ಅಲ್ಲಿ ಅಪರಾಧವಲ್ಲ. ಗೊತ್ತಾದರೆ ಕ್ಯಾಸಿನೊದವರು ಆಡಲು ಬಿಡದಿರಬಹುದು, ಅಷ್ಟೆ.

ಹಾಗಾಗಿ ಉಳಿದಿರುವುದು ಬಾಯಿಲೆಕ್ಕ. ಮೊತ್ತ 9, ಉಳಿದ ಕಟ್ಟು ನಾಲ್ಕೂವರೆ ಎಂದಿಟ್ಟುಕೊಳ್ಳಿ. ಎರಡನ್ನೂ ಇಮ್ಮಡಿಸಿದರೆ ಅರೆ ಮಾಯವಾಗುತ್ತದೆ: 18ನ್ನು 9ರಿಂದ ಭಾಗಿಸಿದರೆ 2. ಎರಡೂವರೆಯಿಂದ ಭಾಗಿಸಬೇಕಾದಾಗ ನಾಲ್ಕರಿಂದ ಗುಣಿಸಿ ದಶಮಾಂಶ ಬಿಂದುವನ್ನು ಒಂದು ಮನೆ ಎಡಕ್ಕೆ ಸರಿಸಿದರಾಯಿತು. ಏಳನ್ನು ನಾಲ್ಕರಿಂದ ಗುಣಿಸಿದರೆ 28, ಉತ್ತರ 2.8. ಉಳಿದದ್ದು ಅರ್ಧ ಕಟ್ಟಾದರೆ ಮೊತ್ತವನ್ನು ಇಮ್ಮಡಿಸಿದರೆ ಸಾಕು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಭಾಗಾಕಾರವನ್ನೇ ಕೈಬಿಡುವ ಉಪಾಯ. ಆಟಗಾರನಿಗೆ ಬೇಕಿರುವುದು ಟ್ರೂ ಕೌಂಟಿನ ನಿಖರ ಬೆಲೆಯಲ್ಲ, ಅದು ಒಂದು ಗಡಿ ದಾಟಿತೇ ಎಂಬ ಉತ್ತರ. ಡೀಲರನ ಮುಂದೆ ಎಕ್ಕ ಬಿದ್ದಾಗ ‘ಇನ್ಶೂರೆನ್ಸ್’ ಎಂಬ ಪಕ್ಕದ ಪಂತ ಕಟ್ಟಬಹುದು. ಹೈ-ಲೋ ಪ್ರಕಾರ ಟ್ರೂ ಕೌಂಟ್ 3 ಮುಟ್ಟಿದ್ದರೆ ಮಾತ್ರ ಅದು ಲಾಭದ್ದು. ನಾಲ್ಕೂವರೆ ಕಟ್ಟು ಉಳಿದಿದೆ, ಮೊತ್ತ 14. ನಾಲ್ಕೂವರೆ ಮೂರಲೆ ಹದಿಮೂರೂವರೆ. ಹದಿನಾಲ್ಕು ಅದಕ್ಕಿಂತ ದೊಡ್ಡದು, ಪಂತ ಕಟ್ಟಬಹುದು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದ ನಮ್ಮ ಹಳೆಯ ಶಾಲೆಗಳಲ್ಲಿ ಓದಿದವರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಗುಣಾಕಾರ ಮಗ್ಗಿಯ ಜೊತೆಗೇ ನೆನಪಿಗೆ ಬರುತ್ತದೆ. ಭಾಗಾಕಾರವನ್ನು ಪ್ರತಿಸಲ ಹುಡುಕಿಕೊಂಡು ಹೋಗಬೇಕು.

ಇಷ್ಟಾದರೂ ತಪ್ಪು ನುಸುಳುವ ಜಾಗ ಬೇರೆಯೇ ಇದೆ. ಉಳಿದ ಕಟ್ಟುಗಳನ್ನು ಯಾರೂ ಎಣಿಸಿ ಹೇಳುವುದಿಲ್ಲ. ಆಡಿ ಮುಗಿದ ಎಲೆಗಳನ್ನು ಪೇರಿಸಿಡುವ ಟ್ರೇಯತ್ತ ಕಣ್ಣು ಹಾಯಿಸಿ, ಅದರ ಎತ್ತರದಿಂದ ಅಂದಾಜು ಮಾಡಿ, ಆರರಿಂದ ಕಳೆಯಬೇಕು. ಆರಂಭದಲ್ಲಿ ಅರ್ಧ ಕಟ್ಟು ತಪ್ಪಿದರೂ ಹಾನಿ ಕಡಿಮೆ: ಮೊತ್ತ 9 ಇದ್ದಾಗ ನಾಲ್ಕೂವರೆಯನ್ನು ಐದೆಂದು ತಿಳಿದರೆ 2ರ ಬದಲು 1.8. ಕೊನೆಯಲ್ಲಿ ಅದೇ ತಪ್ಪು ದುಬಾರಿ. ಮೊತ್ತ 4, ಉಳಿದದ್ದು ಒಂದೇ ಕಟ್ಟು. ಅದನ್ನು ಒಂದೂವರೆ ಎಂದುಕೊಂಡರೆ ಟ್ರೂ ಕೌಂಟ್ ನಾಲ್ಕರಿಂದ 2.7ರ ಹತ್ತಿರಕ್ಕೆ ಕುಸಿದು, ಕಟ್ಟಬೇಕಾದ ಇನ್ಶೂರೆನ್ಸ್ ಕೈತಪ್ಪುತ್ತದೆ. ದಶಮಾಂಶದ ಎರಡನೆಯ ಸ್ಥಾನಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಆ ರಾಶಿಯ ಎತ್ತರ ಅಳೆಯಲು ಕಣ್ಣನ್ನು ಪಳಗಿಸುವುದೇ ಜಾಣತನ.

ಈಗ ಹಲವು ಮೇಜುಗಳಲ್ಲಿ ಆಡಿದ ಎಲೆಗಳನ್ನು ಆಗಿಂದಾಗ್ಗೆ ಒಳಗೆ ಸೇರಿಸಿ ಕಲಸುತ್ತಲೇ ಇರುವ ಯಂತ್ರಗಳಿವೆ. ಅಲ್ಲಿ ಕಟ್ಟು ಕರಗುವುದೂ ಇಲ್ಲ, ಟ್ರೇಯಲ್ಲಿ ರಾಶಿ ಬೆಳೆಯುವುದೂ ಇಲ್ಲ. ಭಾಗಿಸಲು ಮೊತ್ತವೇ ಕೂಡಿಬರುವುದಿಲ್ಲ.