ಗಾಲಿಯನ್ನು ತಡೆಯುವ ತಟ್ಟೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವತಃ ವಾಹನ ನಡಿಸಿಕೊಂಡು ಹೊಸಬಾಳೆಯಿಂದ ಸೊರಬಕ್ಕೂ ಶಿಕಾರಿಪುರಕ್ಕೂ ಮಳೆಗಾಲದಲ್ಲಿಯೂ ಹೋಗಿಬರುತ್ತಾರೆ. ವಾಹನವು ಓಡುವದು ಹೇಗೆಂದು ಕೇಳುವವರು ಬಹಳ. ನಿಲ್ಲುವದು ಹೇಗೆಂದು ಕೇಳುವವರು ವಿರಳ. ಆದಕಾರಣ ಅನೇಕ ವಾಹನಗಳ ಮುಂಗಾಲಿಯಲ್ಲಿ ಹೊಳೆಯುವ ತಟ್ಟೆಯನ್ನು ಕುರಿತು ನಾವು ನಾಲ್ಕು ಮಾತು ಬರೆಯುತ್ತೇವೆ.

ಇದರ ಹೆಸರು ಡಿಸ್ಕ್ ಬ್ರೇಕು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಜಿನಿಯರರು 1902ರಲ್ಲಿ ಇಂಥದೊಂದು ಬ್ರೇಕಿಗೆ ಪೇಟೆಂಟು ಪಡೆದರು.

ತಟ್ಟೆಯು ಗಾಲಿಗೆ ಬಿಗಿಯಲ್ಪಟ್ಟು ಅದರೊಡನೆ ತಿರುಗುವದು. ಕ್ಯಾಲಿಪರ್ ಎಂಬ ಭಾಗವು ತಾನು ತಿರುಗದೆ, ಇಕ್ಕಳದ ಹಾಗೆ ತಟ್ಟೆಯ ಅಂಚನ್ನು ಎರಡು ಕಡೆಯಿಂದಲೂ ಆವರಿಸಿರುವದು. ಅದರೊಳಗೆ ಎರಡು ಪ್ಯಾಡುಗಳುಂಟು. ಕೈಹಿಡಿಯನ್ನು ಒತ್ತಿದರೆ ಚಿಕ್ಕ ಪಿಸ್ಟನ್ನೊಂದು ಕೊಳವೆಯ ಎಣ್ಣೆಯನ್ನು ನೂಕುವದು. ಪಾಸ್ಕಲ್ ಪಂಡಿತನ ನಿಯಮದಂತೆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವದು. ಹೀಗಿರಲು ಕ್ಯಾಲಿಪರಿನ ಪಿಸ್ಟನ್ನಿನ ಮುಖವು ಐದು ಪಾಲು ವಿಸ್ತಾರವಾಗಿದ್ದರೆ ಅಲ್ಲಿ ಬಲವೂ ಐದು ಪಾಲಾಗಿ, ಪ್ಯಾಡುಗಳು ತಟ್ಟೆಯನ್ನು ಅದುಮಿ ಹಿಡಿಯುವವು. ಎರಡು ಬೆರಳು ಭಾರದ ವಾಹನವನ್ನು ನಿಲ್ಲಿಸುವ ಗುಟ್ಟು ಇದೇ.

ವಾಹನದ ಓಟದಲ್ಲಿದ್ದ ಶಕ್ತಿಯು ಎಲ್ಲಿಗೆ ಹೋಯಿತು? ಶಾಖವಾಯಿತು. ವೇಗವು ಇಮ್ಮಡಿಯಾದರೆ ಶಾಖವು ನಾಲ್ಮಡಿ. ಡ್ರಮ್ ಬ್ರೇಕಿನಲ್ಲಿ ಅದು ಮುಚ್ಚಿದ ಡಬ್ಬಿಯೊಳಗೆ ಬೇಗ ಆರದೆ ಉಳಿಯುವದು. ಇಲ್ಲಿಯಾದರೋ ತಟ್ಟೆಯು ಗಾಳಿಗೆ ತೆರೆದಿರುವದರಿಂದ ಬೇಗನೆ ತಣಿಯುವದು. ಮಳೆಯ ನೀರೂ ಸಿಡಿದು ಹೋಗುವದು.

ಆದರೂ ಒಂದು ಎಚ್ಚರಿಕೆಯುಂಟು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುವದು. ಡಾಟ್ 4 ಎಂಬ ಜಾತಿಯ ಹೊಸ ಎಣ್ಣೆಯ ಕುದಿಯುವ ಮಟ್ಟವು 230 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿರಬಾರದೆಂದು ನಿಯಮ. ತೇವ ಹೀರಿದ ಎಣ್ಣೆಗಾದರೆ 155 ಡಿಗ್ರಿ ಸಾಕು. ಎಣ್ಣೆ ಕುದಿದರೆ ಆವಿ ಹುಟ್ಟುವದು. ಆವಿಯು ಅದುಮಿದರೆ ಕುಗ್ಗುವ ವಸ್ತುವಾದದರಿಂದ ಕೈಹಿಡಿ ಮೆತ್ತಗೆ ಒಳಗೆ ಹೋದೀತು, ವಾಹನ ನಿಲ್ಲದು. ಆದದರಿಂದ ಹುಲಿಕಲ್ ಘಟ್ಟದಂಥ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿಕೊಂಡಿರಬಾರದು. ಮೊದಲೇ ವೇಗ ತಗ್ಗಿಸಿ, ಗೇರುಳ್ಳ ವಾಹನವಾದರೆ ಕೆಳಗಣ ಗೇರಿನಲ್ಲಿ ಇಳಿಯತಕ್ಕದ್ದು.

ಮಗಳಿಗೆ ವಾಹನ ಕೊಡಿಸಿದ ತಂದೆತಾಯಿಗಳೇ, ಅದರ ಬಣ್ಣ ಒರಸುವದಕ್ಕಿಂತ ಮುಂಚೆ ಪ್ಯಾಡಿನ ದಪ್ಪವನ್ನೂ ಎಣ್ಣೆಯ ಮಟ್ಟವನ್ನೂ ನೋಡಿಸಿರಿ. ಹೇಳಿದ ಅವಧಿಗೆ ಎಣ್ಣೆಯನ್ನು ಬದಲಿಸಿರಿ. ಪ್ರಿಯ ವಿದ್ಯಾರ್ಥಿನಿಯರೇ, ಕೈಹಿಡಿ ಮೆತ್ತಗಾಯಿತೆಂದು ತೋರಿದ ದಿನ ವಾಹನವನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು ಹತ್ತಿರಿ. ತಡವಾಗಿ ಬಂದವರನ್ನು ನಾವು ಎಂದೂ ಹೊರಗೆ ನಿಲ್ಲಿಸಲಾರೆವು.